ಡೀಟರನ ಮನೆಗಾಡಿಯೂ ನನ್ನ ಈಜೂ

ಪತ್ರದಲ್ಲಿ ಸುಳ್ಳು ಬರೆಯುವುದಕ್ಕೆ ಧೈರ್ಯ ಬೇಕಾಗಿಲ್ಲ ಎಂಬುದು ನನ್ನ ಅನುಭವ. ಎದುರಿಗೆ ನಿಂತು ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತದೆ, ನಾಲಿಗೆ ತೊದಲುತ್ತದೆ, ಕೇಳುವವನು ಒಂದು ಸಲ ದಿಟ್ಟಿಸಿ ನೋಡಿದರೆ ಮಾತನ್ನು ಅರ್ಧಕ್ಕೇ ನುಂಗಿಕೊಳ್ಳಬೇಕಾಗುತ್ತದೆ. ಪತ್ರದಲ್ಲಿ ಈ ತಾಪತ್ರಯ ಯಾವುದೂ ಇಲ್ಲ. ಓದುವವನು ಪಕ್ಕದೂರಿನಲ್ಲಿದ್ದರೆ ಸ್ವಲ್ಪ ಹೆದರಿಕೊಂಡು ಬರೆಯಬೇಕು, ಸಮುದ್ರದಾಚೆ ಇದ್ದರೆ ಧಾರಾಳವಾಗಿ ಬರೆಯಬಹುದು. ನನ್ನ ಮಿತ್ರ ಡೀಟರ್ ಇದ್ದದ್ದು ಜರ್ಮನಿಯಲ್ಲಿ. ನಾನಿದ್ದದ್ದು ತುಮಕೂರಿನಲ್ಲಿ, ಒಂದು ಹೈಸ್ಕೂಲಿನ ಭೂಗೋಳದ ಮೇಷ್ಟ್ರಾಗಿ. ಇಬ್ಬರ ನಡುವೆ ಎಷ್ಟು ದೇಶ, ಎಷ್ಟು ಮರುಭೂಮಿ, ಎಷ್ಟು ಪರ್ವತವಿದೆಯೆಂದು ನಾನು ದಿನಾ ಕೋಲು ಹಿಡಿದು ಭೂಪಟದ ಮೇಲೆ ಮಕ್ಕಳಿಗೆ ತೋರಿಸುತ್ತಿದ್ದೆ. ಇಷ್ಟನ್ನೆಲ್ಲ ದಾಟಿಕೊಂಡು ಒಬ್ಬ ಮನುಷ್ಯ ನನ್ನ ಸುಳ್ಳನ್ನು ಹುಡುಕಿಕೊಂಡು ಬರುತ್ತಾನೆಂದು ಭೂಗೋಳ ಓದಿದ ನನಗೆ ಹೊಳೆಯದೇ ಹೋಯಿತು.

ಪತ್ರಮೈತ್ರಿ ಎಂಬ ಹುಚ್ಚು ಆಗ ಎಲ್ಲರಿಗೂ ಇತ್ತು. ಒಂದು ಪತ್ರಿಕೆಯ ಮೂಲೆಯಲ್ಲಿ ಹೆಸರು ನೋಡಿ ನಾನು ಬರೆದೆ, ಅವನು ಉತ್ತರಿಸಿದ. ವೃತ್ತಿಯಲ್ಲಿ ಬಡಗಿ. ಆದರೆ ರಜ ಬಂತೆಂದರೆ ಹಿಮದ ಮೇಲೆ ಜಾರುವುದು, ಕಾಡಿನಲ್ಲಿ ಡೇರೆ ಹಾಕುವುದು, ನದಿಯಲ್ಲಿ ಈಜುವುದು, ಇದೇ ಅವನ ಕೆಲಸ. ಪ್ರತಿ ಪತ್ರದಲ್ಲೂ ಒಂದು ಸಾಹಸ. ನಾನೇನು ಬರೆಯಲಿ? ಬೆಳಗ್ಗೆ ಎದ್ದು ನಲ್ಲಿ ನೀರು ಹಿಡಿದೆ, ಮಕ್ಕಳ ಉತ್ತರಪತ್ರಿಕೆ ತಿದ್ದಿದೆ ಎಂದು ಬರೆಯಲು ನನ್ನ ಅಭಿಮಾನ ಒಪ್ಪಲಿಲ್ಲ. ಮೊದಲು ದೇವರಾಯನದುರ್ಗದ ಬೆಟ್ಟವನ್ನು ಕಡಿದಾದ ಕಡೆಯಿಂದ ಹತ್ತಿದೆನೆಂದು ಬರೆದೆ. ಆಮೇಲೆ ಮನೆಗೆ ನುಗ್ಗಿದ ನಾಗರಹಾವನ್ನು ಬರಿಗೈಯಲ್ಲಿ ಹಿಡಿದೆನೆಂದು ಬರೆದೆ. ಕೈ ಪಳಗಿದ ಮೇಲೆ, ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಸಮುದ್ರದಂಥ ಒಂದು ಕೆರೆ ಇದೆಯೆಂದೂ ಅದನ್ನು ನಾನು ವರ್ಷಕ್ಕೊಮ್ಮೆ ಈ ದಡದಿಂದ ಆ ದಡಕ್ಕೆ ಈಜಿ ದಾಟುತ್ತೇನೆಂದೂ ಬರೆದುಬಿಟ್ಟೆ. ಕೆರೆ ಇರುವುದು ನಿಜ. ಮಿಕ್ಕದ್ದರ ವಿಷಯ ಹೇಳುವುದಾದರೆ, ಬಚ್ಚಲಲ್ಲಿ ತಲೆಗೆ ಚೊಂಬು ನೀರು ಹೊಯ್ದುಕೊಳ್ಳುವಾಗಲೂ ಉಸಿರು ಬಿಗಿ ಹಿಡಿಯುವ ಪ್ರಾಣಿ ನಾನು.

ನಮ್ಮ ಪತ್ರಗಳೆಲ್ಲ ಏರೋಗ್ರಾಂನಲ್ಲಿ ಹೋಗುತ್ತಿದ್ದವು. ನೀಲಿ ಹಾಳೆ, ಮೂರು ಮಡಿಕೆ, ಒಳಗೆ ಇನ್ನೊಂದು ಚೀಟಿ ಇಡುವಂತಿಲ್ಲ. ನನ್ನ ಸಾಹಸ ಯಾವಾಗಲೂ ಎರಡು ಮಡಿಕೆಗೇ ಮುಗಿಯುತ್ತಿತ್ತು. ಸುಳ್ಳು ಹೇಳುವವನಿಗೆ ವಿವರ ಬೇಗ ತೀರಿಹೋಗುತ್ತದೆ. ಹೀಗೆ ಜಾಗ ಖಾಲಿ ಬಿಡುವುದು ನನ್ನ ಹೆಂಡತಿ ಸರೋಜಳಿಗೆ ಸಹಿಸಲಾಗದ ದಂಡ. ಅವಳ ತವರಿನಲ್ಲಿ ಕಾರ್ಡು ಬರೆದರೆ ವಿಳಾಸದ ಸುತ್ತಲೂ ಇರುವೆಯ ಸಾಲಿನಂತೆ ಅಕ್ಷರ ಹರಿದಾಡುತ್ತಿರುತ್ತದೆ, ಅಂಚೆಯವನು ಊರಿನ ಹೆಸರನ್ನು ಹುಡುಕಿ ತೆಗೆಯಬೇಕು. "ಅಲ್ಲಾ ರೀ, ಅಷ್ಟು ದುಡ್ಡು ಕೊಟ್ಟು ತಂದು ಕೊನೆ ಮಡಿಕೆ ಖಾಲಿ ಬಿಡ್ತೀರಲ್ಲ, ಅಕ್ಕಿ ಬೆಲೆ ಆದ್ರೂ ಬರೀಬಾರ್ದಾ?" ಎನ್ನುತ್ತಿದ್ದಳು. ಜರ್ಮನಿಯವನಿಗೆ ಅಕ್ಕಿ ಬೆಲೆ ಯಾಕೇ ಎಂದು ನಾನು ಎದ್ದು ಹೋಗುತ್ತಿದ್ದೆ. ಅನ್ನದ ಅಗುಳು ತಿಕ್ಕಿ ಅಂಟಿಸಿ, ಅಂಚೆ ಡಬ್ಬಕ್ಕೆ ಹಾಕುವುದು ಅವಳ ಪಾಲಿನ ಕೆಲಸ. ಆರು ವರ್ಷ ಹೀಗೇ ನಡೆಯಿತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ದಸರಾ ರಜದ ಬೆಳಗ್ಗೆ ನಮ್ಮ ಬೀದಿಯಲ್ಲಿ ಒಂದು ಹಳದಿ ಗಾಡಿ ಬಂದು ನಿಂತಿತು. ಮುಂದೆ ನೋಡಿದರೆ ವ್ಯಾನು, ಒಳಗೆ ನೋಡಿದರೆ ಮನೆ. ಮಂಚ, ಬೀರು, ಗ್ಯಾಸಿನ ಒಲೆ, ಕೈ ತೊಳೆಯುವ ಬೋಗುಣಿ, ಕಿಟಕಿಗೆ ಹೂವಿನ ಪರದೆ. ಎಲ್ಲ ಮರಗೆಲಸವನ್ನೂ ಡೀಟರ್ ಸ್ವತಃ ಮಾಡಿದ್ದ. ಟರ್ಕಿ, ಇರಾನು, ಅಫಘಾನಿಸ್ತಾನ ದಾಟಿಕೊಂಡು, ನಾನು ಕೋಲಿನಲ್ಲಿ ತೋರಿಸುತ್ತಿದ್ದ ದಾರಿಯಲ್ಲೇ ಅವನು ಬಂದಿದ್ದ. ಆರಡಿ ಎತ್ತರ, ಕೆಂಚು ಗಡ್ಡ. ನನ್ನನ್ನು ಎತ್ತಿ ಅಪ್ಪಿಕೊಂಡು, "ಮಿತ್ರಾ, ಮೂರು ದಿನ ನಾವಿಬ್ಬರೇ! ಬಯಲಲ್ಲಿ ಅಡಿಗೆ, ಬಯಲಲ್ಲಿ ನಿದ್ದೆ, ಕೊನೆಗೆ ನಿನ್ನ ಕಡಬದ ಕೆರೆ!" ಎಂದ. ಅವನ ಇಂಗ್ಲಿಷೂ ಮುರುಕು, ನನ್ನದೂ ಮುರುಕು. ಆದರೆ ಕಡಬ ಎಂಬ ಶಬ್ದವನ್ನು ಮಾತ್ರ ಅವನು ಸ್ಪಷ್ಟವಾಗಿ ಉಚ್ಚರಿಸಿದ.

ನೀರಿನ ಭಯ ಒಂದು ಕಡೆ ಇರಲಿ, ಅದು ಹಳೆಯದು, ಅಭ್ಯಾಸವಾಗಿತ್ತು. ನಿಜವಾದ ಸಂಕಟ ಬೇರೆ. ಶಾಲೆಯಲ್ಲಿ ನಾನು ಗಾಳಿ ಜೋರಾಗಿ ಬೀಸಿದರೆ ಕಿಟಕಿ ಮುಚ್ಚಿಸುವ ಮೇಷ್ಟ್ರು. ಮನೆಯಲ್ಲಿ ಜಿರಲೆ ಕಂಡರೆ ಹೆಂಡತಿಯನ್ನು ಕೂಗುವ ಯಜಮಾನ. ಇಡೀ ಪ್ರಪಂಚದಲ್ಲಿ ನನ್ನನ್ನು ಧೈರ್ಯಶಾಲಿ ಎಂದು ನಂಬಿದ್ದ ಒಬ್ಬನೇ ಒಬ್ಬ ಮನುಷ್ಯ ಈ ಡೀಟರ್. ಅವನೂ ಕಡಬದ ಏರಿಯ ಮೇಲೆ ನಿಂತು 'ಸುಳ್ಳುಗಾರ' ಎಂದು ಗಾಡಿ ತಿರುಗಿಸಿಕೊಂಡು ಹೋದರೆ ನನಗೆ ಯಾರೂ ಉಳಿಯುತ್ತಿರಲಿಲ್ಲ. ಅದನ್ನು ನೆನೆದರೆ ಅಳು ಬರುತ್ತಿತ್ತು.

ಹೊರಡುವಾಗ ಸರೋಜ ಒಂದು ಡಬ್ಬಿ ಚಕ್ಕುಲಿ, ಒಂದು ಜಾಡಿ ಉಪ್ಪಿನಕಾಯಿ ಕೊಟ್ಟಳು. ಪಿಯುಸಿ ಓದಿದ್ದರೂ ಅವಳು ಇಂಗ್ಲಿಷ್ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂದು ಡೀಟರನ ಹತ್ತಿರ ಹೋಗಿ ಮೆಲ್ಲಗೆ, "ಅಣ್ಣಾ, ದಯವಿಟ್ಟು ಮರೆಯಬೇಡಿ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಉಪ್ಪಿನಕಾಯಿ ಜಾಡಿಯನ್ನು ವಾಪಸು ತರುವ ವಿಷಯವೆಂದು ನಾನು ತಿಳಿದುಕೊಂಡೆ. ನಮ್ಮ ಮನೆಯಲ್ಲಿ ಜಾಡಿಗಳಿಗೆ ಅಷ್ಟು ಮರ್ಯಾದೆ ಇದೆ.

ದಾರಿ ತೋರಿಸುವವನು ನಾನೇ ಆದ್ದರಿಂದ ಕಡಬವನ್ನು ಆದಷ್ಟು ದೂರ ತಳ್ಳುವುದು ನನ್ನ ಯೋಜನೆಯಾಗಿತ್ತು. ಮೂರು ದಿನ ಸುತ್ತಿಸಿದರೆ ಅವನ ರಜವೋ ಪೆಟ್ರೋಲೋ ಮುಗಿಯಬಹುದು. ಮೊದಲು ತೆಂಕಣ ದಿಕ್ಕಿಗೆ, ಕುಣಿಗಲ್ಲಿಗೆ ಕರೆದುಕೊಂಡು ಹೋದೆ. ಅಲ್ಲಿ ಹೋಗಿ ನಿಂತ ಮೇಲೆ ನೆನಪಾಯಿತು, ಕುಣಿಗಲ್ಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಕೆರೆ! ಆ ವರ್ಷ ಮಳೆ ಚೆನ್ನಾಗಿ ಆಗಿತ್ತು, ನೀರು ಏರಿಗೆ ಬಡಿಯುತ್ತಿತ್ತು. ಭೂಗೋಳದ ಮೇಷ್ಟ್ರಾಗಿ ನಾನು ಮಾಡಿದ ತಪ್ಪುಗಳಲ್ಲಿ ಇದು ದೊಡ್ಡದು. ನಮ್ಮ ಜಿಲ್ಲೆಯಲ್ಲಿ ನೀರಿನಿಂದ ತಪ್ಪಿಸಿಕೊಂಡು ಯಾವ ಕಡೆ ಓಡಿದರೂ ಎದುರಿಗೆ ಇನ್ನೊಂದು ಕೆರೆ ಕಾದು ಕುಳಿತಿರುತ್ತದೆ. ಡೀಟರ್ ನೀರನ್ನು ನೋಡಿದ, ಆಮೇಲೆ ನನ್ನ ಮುಖವನ್ನು ನೋಡಿದ. ನಾನು ಕಣ್ಣು ಮುಚ್ಚಿಕೊಂಡು, ಈಗ ಅಂಗಿ ಬಿಚ್ಚುತ್ತಾನೆ, ಈಗ ನನಗೂ ಬಿಚ್ಚು ಎನ್ನುತ್ತಾನೆ ಎಂದು ಕಾದೆ. ಅವನು ಕೆಮ್ಮಿ, "ನನಗೆ ಕಿವಿ ನೋವು. ಇವತ್ತು ಈಜು ಬೇಡ" ಎಂದ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಸಂಜೆಯ ಹೊತ್ತಿಗೆ ಕೊತ್ತಗೆರೆ ಕಡೆ ಒಂದು ಹೊಲದ ಬದಿಯಲ್ಲಿ ಗಾಡಿ ನಿಲ್ಲಿಸಿ, ಮಡಿಸುವ ಕುರ್ಚಿ ಹಾಕಿ, ಡೀಟರ್ ಬಹಳ ಸಂಭ್ರಮದಿಂದ ಒಲೆಯನ್ನು ಹೊರಗೆ ತಂದಿಟ್ಟ. ಬಯಲಲ್ಲಿ ತಾನೇ ಬೇಯಿಸಿ ತಿನ್ನಬೇಕೆಂಬುದು ಅವನ ಆರು ಸಾವಿರ ಮೈಲಿಯ ಆಸೆ. ಬೆಂಕಿಕಡ್ಡಿ ಗೀರುವಷ್ಟರಲ್ಲಿ ಹೊಲದ ಯಜಮಾನ ಕೆಂಪಯ್ಯ ಎಂಬವರು ಬಂದರು, ಹಿಂದೆ ಅರ್ಧ ಊರು. "ಏನ್ ಮೇಷ್ಟ್ರೆ ಇದು? ನಮ್ ಹೊಲ್ದಾಗೆ ಬಂದು ನೀವೇ ಒಲೆ ಹಚ್ಕಂಡ್ರೆ ನಾವೇನ್ ಸತ್ತೋಗಿದೀವಾ? ಊರೋರು ನನ್ನ ಮಕುಕ್ಕೆ ಉಗಿಯಾಕಿಲ್ವಾ?" ಎಂದು ನೇರವಾಗಿ ಜಗಳಕ್ಕೇ ನಿಂತರು. ಇದನ್ನು ನಾನು ಡೀಟರನಿಗೆ ಹೇಗೆ ಹೇಳಲಿ? "ಇವರು ಊಟಕ್ಕೆ ಕರೆಯುತ್ತಿದ್ದಾರೆ" ಎಂದೆ. "ಹಾಗಾದರೆ ಯಾಕೆ ಕೋಪ?" ಎಂದು ಅವನು ಗಲಿಬಿಲಿಗೊಂಡ. ಕೋಪ ಮಾಡಿಕೊಳ್ಳದೆ ಊಟಕ್ಕೆ ಕರೆದರೆ ಅದು ಬಾಯುಪಚಾರ ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸುವ ಶಕ್ತಿ ನನಗಿರಲಿಲ್ಲ.

ಕೆಂಪಯ್ಯನವರ ತಾಯಿ ಗಾಡಿಯೊಳಗೆ ಇಣುಕಿ ಮಂಚ, ಬೀರು, ಪರದೆ ಎಲ್ಲವನ್ನೂ ನೋಡಿ ಕಣ್ಣೊರೆಸಿಕೊಂಡರು. "ಪಾಪ, ಸ್ವಂತ ಮನೆ ಇಲ್ಲ ಅಂತ ಕಾಣುತ್ತೆ, ಪಾತ್ರೆ ಪಡಗ ಎಲ್ಲಾ ಗಾಡಿಗೆ ಹೇರ್ಕಂಡು ಬಂದವ್ನೆ. ಯಾವ ದಾಯಾದಿಗಳು ಓಡುಸುದ್ರೋ ಏನೋ" ಎಂದರು. ಅಜ್ಜಿ ಏನನ್ನುತ್ತಾರೆ ಎಂದು ಡೀಟರ್ ಕೇಳಿದ. ನಿನ್ನ ಮರಗೆಲಸವನ್ನು ಹೊಗಳುತ್ತಿದ್ದಾರೆ ಎಂದೆ. ಅವನು ಸಂತೋಷದಿಂದ ಅಜ್ಜಿಯ ಕೈ ಕುಲುಕಿದ. ಅಜ್ಜಿಗೆ ಅಳು ಇನ್ನೂ ಹೆಚ್ಚಾಯಿತು. ಅವನಿಗೆ ಎರಡು ಮುದ್ದೆ, ಹುರುಳಿಕಾಳು ಸಾರು ಬಡಿಸಿ, ಅಗಿಯಬಾರದು ನುಂಗಬೇಕು ಎಂದು ಕಲಿಸಿ, ಜಗಲಿಯ ಮೇಲೆ ಹಾಸಿಗೆ ಹಾಸಿಯೇ ಅವರು ಸಮಾಧಾನಪಟ್ಟದ್ದು. ಒಲೆ ಹಚ್ಚದೆಯೇ ಗಾಡಿಗೆ ವಾಪಸು ಹೋಯಿತು. ಮರುದಿನ ಊರಿನ ತೋಟದ ಬಾವಿಯಲ್ಲಿ ಸ್ನಾನಕ್ಕೆ ಕರೆದಾಗ ಡೀಟರ್ ಮತ್ತೆ ನನ್ನ ಮುಖ ನೋಡಿ, "ಹೊಟ್ಟೆ ಭಾರ. ನೀರಿಗೆ ಇಳಿಯಲಾರೆ" ಎಂದ.

ಎರಡನೆಯ ದಿನ ಗುಬ್ಬಿಗೆ ಬಂದು, ಎಡಕ್ಕೆ ಕಡಬದ ಕಡೆ ತಿರುಗುವ ಬದಲು ನಾನು ಗಂಭೀರವಾಗಿ ಭೂಪಟ ನೋಡಿ, ಹಾಗಲವಾಡಿಯ ದಾರಿ ತೋರಿಸಿದೆ. ಅಲ್ಲಿ ಒಂದು ತೆಂಗಿನ ತೋಟದಲ್ಲಿ ಡೀಟರ್ ಎರಡು ಮರಗಳ ನಡುವೆ ಬಲೆಯ ಜೋಲಿ ಕಟ್ಟಿ ಮಲಗಿದ. ತೋಟದವನು ಓಡಿ ಬಂದು, "ಅಯ್ಯೋ ಸ್ವಾಮಿ, ಏಳುಸ್ರಿ ಮೇಲೆ! ಕಾಯಿ ಬಲ್ತದೆ, ನೆತ್ತಿ ಮ್ಯಾಲೆ ಬಿದ್ರೆ ಪೊಲೀಸ್ನೋರಿಗೆ ಯಾರ್ ಹೇಳೋರು?" ಎಂದು ಜೋಲಿಯನ್ನೇ ಬಿಚ್ಚಿದ. ಪ್ರಾಯಶ್ಚಿತ್ತಕ್ಕೆ ಆರು ಎಳನೀರು ಕೆತ್ತಿಕೊಟ್ಟು, ಮನೆಗೆ ಎಳೆದುಕೊಂಡು ಹೋಗಿ ಅವರೇಕಾಳಿನ ಉಪ್ಪಿಟ್ಟು ತಿನ್ನಿಸಿದ. ಅಲ್ಲಿಯೂ ಒಂದು ಕೆರೆ. ನಾನು ಉಸಿರು ಬಿಗಿಹಿಡಿದೆ. ಡೀಟರ್ ಸ್ವಲ್ಪ ಯೋಚಿಸಿ, "ಇವತ್ತು ಗುರುವಾರ. ನಾನು ಗುರುವಾರ ಈಜುವುದಿಲ್ಲ" ಎಂದ.

ಆಗ ನನ್ನ ತಲೆ ನಿಜವಾಗಿ ಕೆಟ್ಟಿತು. ಜರ್ಮನಿಯಲ್ಲಿ ಗುರುವಾರದ ವ್ರತ ಇದೆಯೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕಿವಿ ನೋವಿನವನು ಕಿವಿಗೆ ಹತ್ತಿ ಇಟ್ಟುಕೊಂಡಿರಲಿಲ್ಲ. ಹೊಟ್ಟೆ ಭಾರದವನು ಹತ್ತು ಗಂಟೆಗೆ ಚಕ್ಕುಲಿ ಡಬ್ಬಿ ಖಾಲಿ ಮಾಡಿದ್ದ. ಗಾಡಿಯಲ್ಲಿ ಕೂತು ಬಹಳ ಹೊತ್ತು ಯೋಚಿಸಿದ ಮೇಲೆ ನನಗೆ ಜ್ಞಾನೋದಯವಾಯಿತು. ಇವನಿಗೂ ಈಜು ಬರುವುದಿಲ್ಲ! ಆರು ವರ್ಷ ಇವನೂ ನನ್ನ ಹಾಗೆಯೇ ಬುರುಡೆ ಬಿಟ್ಟಿದ್ದಾನೆ! ಆ ಹಿಮ, ಆ ನದಿ, ಎಲ್ಲ ಬೊಗಳೆ! ಆಹಾ, ಎಂಥ ಹಗುರವಾಯಿತು ಮನಸ್ಸು. ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಜಾಣನಾಗುತ್ತಿದ್ದೆ. ಆದರೆ ಎದುರಿನವನು ಹೆದರಿದ್ದಾನೆಂದು ಗೊತ್ತಾದ ತಕ್ಷಣ ನನ್ನಂಥವರಿಗೆ ಎಲ್ಲಿಂದಲೋ ಪೌರುಷ ಬಂದುಬಿಡುತ್ತದೆ. "ನಾಳೆ ಶುಕ್ರವಾರ, ಕಡಬಕ್ಕೇ ಹೋಗೋಣ. ಯಾವ ನೆಪವನ್ನೂ ಕೇಳುವುದಿಲ್ಲ" ಎಂದು ನಾನೇ ಹೇಳಿದೆ. ಡೀಟರನ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ನಾನು ಎಷ್ಟೋ ವರ್ಷಗಳಿಂದ ಪಡದಿದ್ದ ಖುಷಿ ಪಟ್ಟೆ.

ಕಡಬದ ಏರಿಯ ಮೇಲೆ ಗಾಡಿ ನಿಂತಾಗ ಹತ್ತು ಗಂಟೆ ಬಿಸಿಲು. ದಡದಲ್ಲಿ ಒಬ್ಬ ಎಮ್ಮೆ ತೊಳೆಯುತ್ತಿದ್ದ. ನೀರು ಆಚೆ ದಡ ಮಸುಕಾಗುವಷ್ಟು ದೂರ ಹರಡಿತ್ತು. "ಮಿತ್ರಾ, ಬೇಡ. ನನಗೆ ತಲೆ ಸುತ್ತುತ್ತಿದೆ" ಎಂದ ಡೀಟರ್. "ಹೆದರಬೇಡ, ನಾನಿದ್ದೇನೆ" ಎಂದೆ. ಹೀಗೆಂದು ಹೇಳಿದ ಬಾಯಿಗೆ ಏನು ಹೊಯ್ಯಬೇಕೋ ಅದನ್ನು ಕಡಬದ ಕೆರೆ ಆಮೇಲೆ ಹೊಯ್ಯಿತು. ಅಂಗಿ, ಪಂಚೆ ಬಿಚ್ಚಿ, ಪಟ್ಟೆ ಚಡ್ಡಿಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದೆ. ಅಲ್ಲಿ ನಿಂತು ತೋಳುಗಳನ್ನು ಎರಡು ಸಲ ಗಾಳಿಯಲ್ಲಿ ಬೀಸಿ, "ನೀನು ಬರುವುದಿಲ್ಲ, ಹಾಗಾದರೆ ನಾನೂ ಇವತ್ತು ಬಿಟ್ಟೆ" ಎಂದು ದೊಡ್ಡ ಮನಸ್ಸು ತೋರಿಸಿ ಹಿಂದಿರುಗುವುದು ನನ್ನ ಲೆಕ್ಕಾಚಾರ. ಮೊದಲನೆಯ ಬೀಸು ಚೆನ್ನಾಗಿ ಆಯಿತು. ಎರಡನೆಯದಕ್ಕೆ ಕಾಲ ಕೆಳಗಿನ ಗೋಡುಮಣ್ಣು ಜಾರಿತು.

ಅಲ್ಲಿಂದ ಮುಂದೆ ನನಗೆ ನೆನಪಿರುವುದು ಹಸಿರು ಬಣ್ಣ, ಮೂಗಿನಲ್ಲಿ ಉರಿ, ಕಿವಿಯಲ್ಲಿ ಗುಳುಗುಳು ಸದ್ದು. ಸರೋಜ, ಸರೋಜ ಎಂದು ಕೂಗಿದೆನಂತೆ. ಪ್ರಾಣ ಹೋಯಿತೆಂದೇ ನಂಬಿದ್ದೆ. ಅಷ್ಟರಲ್ಲಿ ಬೂಟು ಹಾಕಿಕೊಂಡೇ ನೀರಿಗೆ ಹಾರಿದ ಡೀಟರ್ ನನ್ನನ್ನು ಕಂಕುಳಲ್ಲಿ ಎತ್ತಿ ಹಿಡಿದ. ಎಮ್ಮೆ ತೊಳೆಯುತ್ತಿದ್ದವನು ಕೈಯಲ್ಲಿ ಹುಲ್ಲಿನ ಸಿಂಬೆ ಹಿಡಿದು ಶಾಂತವಾಗಿ ನೋಡುತ್ತಾ, "ಸ್ವಾಮಿ, ಎದ್ದು ನಿಂತ್ಕಳಿ, ಸೊಂಟುದ್ದ ಅದೆ ಅಷ್ಟೆಯಾ. ನಮ್ ಎಮ್ಮೆ ಗಾಬ್ರಿಯಾಗ್ತದೆ" ಎಂದ. ನಿಂತು ನೋಡಿದೆ. ಸೊಂಟುದ್ದವೂ ಇರಲಿಲ್ಲ. ಪುಣ್ಯಕ್ಕೆ ಅವನು ಏನೆಂದನೆಂದು ಡೀಟರ್ ಕೇಳಲಿಲ್ಲ, ಕೇಳಿದ್ದರೆ ತರ್ಜುಮೆ ಮಾಡುವಷ್ಟು ಉಸಿರೂ ನನ್ನಲ್ಲಿರಲಿಲ್ಲ. ನನ್ನನ್ನು ದಡದಲ್ಲಿ ಕೂರಿಸಿ, ಟವಲು ಹೊದಿಸಿ, ನನ್ನ ಕನ್ನಡಕ ನೀರಲ್ಲಿ ತೇಲಿ ಹೋಗುತ್ತಿದೆ, ತರುತ್ತೇನೆಂದು ಡೀಟರ್ ಬೂಟು ಕಳಚಿ ಮತ್ತೆ ಇಳಿದ. ಕನ್ನಡಕ ತೇಲುವ ವಸ್ತುವಲ್ಲ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವನು ಮೀನಿನಂತೆ ಅರ್ಧ ಕೆರೆ ಹೋಗಿ, ಒಂದು ಸಲ ಮಗುಚಿಕೊಂಡು, ಅಂಗಾತ ಈಜುತ್ತಾ ವಾಪಸು ಬರುತ್ತಿದ್ದ. ಎರಡು ದಿನದಿಂದ ತಡೆದುಕೊಂಡಿದ್ದ ಆಸೆಯೆಂದು ನೋಡಿದವರಿಗೇ ತಿಳಿಯುತ್ತಿತ್ತು. ಕನ್ನಡಕ ನನ್ನ ಕಾಲ ಬಳಿಯೇ ಸಿಕ್ಕಿತು.

ಎಮ್ಮೆಯವನು ಕಾಫಿಗೆ ಮನೆಗೆ ಕರೆದ. ನಾನು ನಡುಗುತ್ತಿದ್ದದ್ದನ್ನು ನೋಡಿ, "ಇರ್ಲಿ ಬುಡಿ, ಮೊದ್ಲು ಬಿಸಿಯಾಗಿ ಏನಾರಾ ಕುಡೀರಿ" ಎಂದು ಅಲ್ಲೇ ಒಲೆ ಹಚ್ಚುವುದಕ್ಕೆ ತಾನೇ ಒಪ್ಪಿಕೊಂಡ. ಹೀಗೆ ಮೂರನೆಯ ದಿನ ನನ್ನ ದೆಸೆಯಿಂದ ಡೀಟರ್ ಬಯಲಲ್ಲಿ ಒಲೆ ಹಚ್ಚಿದ. ಕಪ್ಪು ಚಹಾ ಕಾಸಿ ಮೂವರೂ ಕುಡಿದೆವು. ಕುಡಿಯುತ್ತಾ ನಾನು ತಲೆ ತಗ್ಗಿಸಿಕೊಂಡು, "ನಿನಗೆ ಈಜು ಬರುತ್ತದೆ. ಮತ್ತೆ ಆ ಕಿವಿ ನೋವು, ಆ ಗುರುವಾರ?" ಎಂದು ಕೇಳಿದೆ. ಅವನು ಗಾಡಿಯ ಬೀರುವಿನಿಂದ ಒಂದು ತಗಡಿನ ಪೆಟ್ಟಿಗೆ ತಂದು ತೆರೆದ. ನನ್ನ ನೀಲಿ ಪತ್ರಗಳು, ಆರು ವರ್ಷದ್ದು, ಒಂದರ ಮೇಲೊಂದು. ಮೇಲಿನದನ್ನು ಬಿಡಿಸಿ ಕೊನೆಯ ಮಡಿಕೆಯನ್ನು ತೋರಿಸಿದ.

ನಾನು ಖಾಲಿ ಬಿಟ್ಟ ಮಡಿಕೆ. ಅದರಲ್ಲಿ ಸರೋಜಳ ದುಂಡು ಇಂಗ್ಲಿಷ್ ಅಕ್ಷರ. ಅದೂ ನಾನು ಮಕ್ಕಳ ಉತ್ತರ ತಿದ್ದುವ ಕೆಂಪು ಶಾಯಿಯಲ್ಲಿ! 'ಇವರಿಗೆ ಈಜು ಬರುವುದಿಲ್ಲ. ನೀರು ಕಂಡರೆ ಭಯ. ನೀವು ಎಂದಾದರೂ ಬಂದರೆ ದಯವಿಟ್ಟು ನೀರಿಗೆ ಇಳಿಸಬೇಡಿ. ನಿಮಗೆ ಗೊತ್ತೆಂದು ಅವರಿಗೆ ಗೊತ್ತಾಗಬಾರದು.' ನಾನು ಇನ್ನೊಂದು ತೆಗೆದೆ. ದೇವರಾಯನದುರ್ಗದ ಪತ್ರ. ಕೆಳಗೆ: 'ಬಸ್ಸಿನಲ್ಲಿ ಹೋದದ್ದು. ತಿರುವಿನಲ್ಲಿ ವಾಂತಿ ಮಾಡಿದರು.' ನಾಗರಹಾವಿನ ಪತ್ರದ ಕೆಳಗೆ: 'ಅದು ಕೇರೆ ಹಾವು. ಪಕ್ಕದ ಮನೆಯಾಕೆ ಓಡಿಸಿದರು. ಇವರು ಮೇಜಿನ ಮೇಲೆ ಇದ್ದರು.' ಒಂದನ್ನೂ ಬಿಟ್ಟಿರಲಿಲ್ಲ ಮಹಾರಾಯ್ತಿ. ನನ್ನ ತಾಯಿ ತೀರಿಕೊಂಡಾಗ ಬರೆದ ಸಣ್ಣ ಪತ್ರವೂ ಅದರಲ್ಲಿತ್ತು. ಅದರ ಕೊನೆಯ ಮಡಿಕೆಯಲ್ಲಿ ಒಂದೇ ಸಾಲು: 'ಇದೆಲ್ಲ ನಿಜ. ಇನ್ನೂ ಸರಿಯಾಗಿ ಊಟ ಮಾಡುತ್ತಿಲ್ಲ. ಬೇಗ ಉತ್ತರ ಬರೆಯಿರಿ.' ಆ ತಿಂಗಳು ಡೀಟರನಿಂದ ಒಂದರ ಹಿಂದೊಂದು ಮೂರು ಪತ್ರ ಬಂದದ್ದು ನೆನಪಾಯಿತು. ಆಗ ಆ ಮೂರು ಪತ್ರ ಯಾಕೆ ಬಂತೆಂದು ನಾನು ಯೋಚಿಸಿಯೇ ಇರಲಿಲ್ಲ. ಟವಲಿನ ಅಂಚಿನಿಂದ ಕನ್ನಡಕ ಒರೆಸಿಕೊಂಡೆ. ಕೆರೆಯ ನೀರು ಅಂಟಿದೆ ಎಂದು ಡೀಟರನಿಗೆ ಹೇಳಿದೆ.

"ಎಲ್ಲ ಗೊತ್ತಿದ್ದೂ ಯಾಕೆ ಬರೆಯುತ್ತಿದ್ದೆ? ಯಾಕೆ ಬಂದೆ?" ಎಂದು ಕೇಳಿದೆ. "ನಿನ್ನ ಕತೆ ಓದಿ ನಗುತ್ತಿದ್ದೆ. ಕೆಂಪು ಸಾಲು ಓದಿದ ಮೇಲೆ ನಿಮ್ಮಿಬ್ಬರನ್ನೂ ನೋಡಬೇಕು ಅನ್ನಿಸುತ್ತಿತ್ತು" ಎಂದ. ಆಮೇಲೆ ಗಡ್ಡ ಕೆರೆದುಕೊಂಡು, "ಮೊದಲ ದಿನ ನಾನು ಕಡಬ ಅಂದದ್ದು ನಿನಗೆ ಅನುಮಾನ ಬಾರದಿರಲೆಂದು. ಆದರೆ ಮಿತ್ರಾ, ನೀನೇ ಕಡಬಕ್ಕೆ ಎಳೆದುಕೊಂಡು ಬಂದೆಯಲ್ಲ, ಅದು ಯಾಕೆಂದು ಮಾತ್ರ ನನಗೆ ಇನ್ನೂ ಅರ್ಥವಾಗಿಲ್ಲ" ಎಂದ. ನಾನು ಲೋಟ ತೊಳೆಯುತ್ತೇನೆಂದು ಎದ್ದೆ.

ಮನೆಗೆ ಬಂದಾಗ ಸರೋಜ ಉಪ್ಪಿನಕಾಯಿ ಜಾಡಿ ಒಳಗಿಡುತ್ತಾ, "ಈಜಿದ್ರಾ?" ಎಂದು ಏನೂ ತಿಳಿಯದವಳಂತೆ ಕೇಳಿದಳು. "ಅರ್ಧ ಕೆರೆ" ಎಂದೆ. "ತಲೆ ಸರಿಯಾಗಿ ಒರೆಸ್ಕೊಳ್ಳಿ" ಎಂದಳು. ಅವಳಿಗೆ ಗೊತ್ತೆಂದು ನನಗೆ ಗೊತ್ತಾಗಿರುವುದನ್ನು ನಾನೂ ಹೇಳಲಿಲ್ಲ. ಡೀಟರ್ ಊರು ಸೇರಿದ ಮೇಲೆ ನಾನು ಮೊದಲ ಪತ್ರ ಬರೆದೆ. ಈ ಸಲ ಹುಷಾರಾಗಿದ್ದೆ. ಈಗ ದಿನಾ ಬೆಳಗ್ಗೆ ಈಜು ಕಲಿಯುತ್ತಿದ್ದೇನೆಂದು ಆರಂಭಿಸಿ, ಕೊನೆಯ ಮಡಿಕೆಯನ್ನೂ ಅಂಟು ಹಚ್ಚುವ ಅಂಚಿನವರೆಗೆ ತುಂಬಿಸಿದೆ. ವಿಷಯ ಸಾಲದೆ ಅಕ್ಕಿ ಬೆಲೆಯನ್ನೂ ಬರೆದೆ. ಒಂದು ಸಾಸಿವೆ ಇಡಲೂ ಜಾಗವಿರಲಿಲ್ಲ. ಸರೋಜ ಅದನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಅಗುಳು ಹಚ್ಚಿ ಅಂಟಿಸಿದಳು. ತಿಂಗಳ ಮೇಲೆ ಉತ್ತರ ಬಂತು. ಡೀಟರ್ ಆರಂಭದಲ್ಲೇ ಕೇಳಿದ್ದ: 'ಬಕೆಟ್ಟಿನ ನೀರಿನಲ್ಲಿ ಮುಖ ಮುಳುಗಿಸುವ ಅಭ್ಯಾಸ ಎಲ್ಲಿಗೆ ಬಂತು?'

ಏರೋಗ್ರಾಂನ ಬೆನ್ನಿನ ಮೇಲೆ ಕಳುಹಿಸಿದವರ ವಿಳಾಸಕ್ಕೆಂದು ನಾಲ್ಕು ಗೆರೆ ಹಾಕಿರುತ್ತಾರೆ. ನಮ್ಮ ವಿಳಾಸ ಮೂರೇ ಗೆರೆಗೆ ಮುಗಿಯುತ್ತದೆ. ಇದನ್ನು ನಾನು ಗಮನಿಸಿರಲಿಲ್ಲ, ಸರೋಜ ಗಮನಿಸಿದ್ದಳು. ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು, ಕಡಬದ ನೀರಿಗೆ ನಾನು ಮತ್ತೆ ಇಳಿದಿಲ್ಲ. ಈ ಪ್ರಬಂಧವನ್ನು ಹಾಳೆಯ ನಾಲ್ಕೂ ಅಂಚಿಗೆ ಒತ್ತಿಕೊಂಡೇ ಬರೆದಿದ್ದೇನೆ, ಹಿಂಬದಿಗೆ ಅಡ್ಡಗೆರೆ ಎಳೆದಿದ್ದೇನೆ. ಸರೋಜ ಈಗಷ್ಟೇ ಬಂದು, "ಮುಗೀತಾ? ಕೊಡಿ, ಕವರಿಗೆ ಹಾಕಿ ಅಂಟಿಸ್ತೀನಿ" ಎಂದು ಕೈ ಚಾಚಿ ನಿಂತಿದ್ದಾಳೆ. ಇನ್ನೊಂದು ಕೈಯಲ್ಲಿ ಕೆಂಪು ಪೆನ್ನಿದೆ.